ಮನೆ ನಂಬರು ಇಲ್ಲದವರು

ಪಾವಗಡ
14-2-1983

ಪ್ರೀತಿಯ ಅತ್ತೆ,

ನಿಮ್ಮ ಮಂಡಿನೋವು ಹೇಗಿದೆ? ಮಗುವನ್ನು ಎತ್ತಿಕೊಂಡು ಹೊಳವನಹಳ್ಳಿ ಸಂತೆ ಸುತ್ತಬೇಡಿ ಎಂದರೆ ನೀವು ಕೇಳುವವರಲ್ಲ. ರಾತ್ರಿ ಎಣ್ಣೆಯನ್ನಾದರೂ ಹಚ್ಚಿಕೊಳ್ಳಿ. ಶನಿವಾರ ನಿಮ್ಮ ಮಗ ಶಿರಾದಿಂದ ಬಂದಿದ್ದರು. ನೀವು ಕಳಿಸಿದ ಚಟ್ನಿಪುಡಿಯನ್ನು ನನಗೊಂದು ಚಮಚವೂ ಉಳಿಸದೆ ಮುಗಿಸಿದರು!

ಹೋದ ತಿಂಗಳು ನಡೆದದ್ದನ್ನು ನಿಮಗೆ ಹೇಳದಿದ್ದರೆ ಸಮಾಧಾನವಿಲ್ಲ. ಸರ್ಕಾರ ಕಟ್ಟಿಕೊಡುವ ಜನತಾ ಮನೆಗೆ ಅರ್ಜಿ ಹಾಕಿದವರ ಪಟ್ಟಿ ಕಚೇರಿಯಲ್ಲಿ ನನ್ನ ಮೇಜಿಗೆ ಬಂತು. ಒಂದೇ ಮನೆಯವರು ಬೇರೆ ಬೇರೆ ಹೆಸರಿನಲ್ಲಿ ಅರ್ಜಿ ಕೊಟ್ಟಿದ್ದರೆ ಹಿಡಿಯಬೇಕಲ್ಲ, ಅದಕ್ಕೆ ಒಂದೇ ಮನೆ ನಂಬರು ಎಲ್ಲಿ ಮತ್ತೆ ಬಂದಿದೆಯೋ ಅಲ್ಲಿ ಕೆಂಪು ಪೆನ್ಸಿಲಿನ ಗುರುತು ಹಾಕುವ ಕೆಲಸ. ತಿರುಮಣಿ ಹಳ್ಳಿಯ ಹಾಳೆಗೆ ಬಂದರೆ, ಕುರಿ ಸಾಕುವವರ ಹಟ್ಟಿಯ ಹೆಸರುಗಳ ಮುಂದೆಲ್ಲ ಆ ಜಾಗ ಖಾಲಿ. ಹೆಡ್ ಗುಮಾಸ್ತರಾದ ನಾಗಲಿಂಗಯ್ಯನವರು ಬಗ್ಗಿ ನೋಡಿ, "ಖಾಲಿನೂ ಖಾಲಿನೂ ಒಂದೇ ಅಲ್ವೇನಮ್ಮ? ಒಂದೇ ನಂಬರು ಮತ್ತೆ ಬಂದ ಹಾಗೇ ಲೆಕ್ಕ. ಎಳೀರಿ ಕೆಂಪು" ಎಂದರು. ಕೆಂಪು ಬಿದ್ದರೆ ಅರ್ಜಿ ವಜಾ. ನನಗೆ ಕೈಯೇ ಬರಲಿಲ್ಲ. ಹೋಗಿ ನೋಡಿಬರುತ್ತೇನೆ ಎಂದು ಕೇಳಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ.

ಹಟ್ಟಿಯಲ್ಲಿ ಕೆಂಪಕ್ಕ ಎಂಬಾಕೆ ಕುರಿಮರಿಗೆ ಹಾಲು ಕುಡಿಸುತ್ತ ಕೂತಿದ್ದಳು. ಹಿಂದೆ ಅವಳ ಗುಡಿಸಲು, ಈಚಲು ಗರಿ ಮತ್ತು ಹಳೆ ಗೋಣಿಯದು. ಮನೆ ನಂಬರು ಯಾಕೆ ಬರೆಸಲಿಲ್ಲ ಎಂದೆ. ನಕ್ಕುಬಿಟ್ಟಳು. "ಮನೆ ಇದ್ರೆ ತಾನೇ ನಂಬ್ರು? ಮನೆ ಇಲ್ಲ ಅಂತ್ಲೇ ಕಣಮ್ಮ ಅರ್ಜಿ ಕೊಟ್ಟಿರೋದು!" ನಾನೂ ನಕ್ಕೆ, ಆಮೇಲೆ ನಗಲಾಗಲಿಲ್ಲ. ಒಂದೊಂದು ಗುಡಿಸಲಿಗೂ ಹೋಗಿ, ಬೇರೆ ಬೇರೆ ಸಂಸಾರಗಳೇ ಎಂದು ಕಣ್ಣಾರೆ ನೋಡಿದೆ. ಮಜ್ಜಿಗೆ ಕೊಟ್ಟು, ಕೊನೆಯ ಬಸ್ಸಿಗೆ ಹಟ್ಟಿಯವರೇ ಹತ್ತಿಸಿದರು.

ಮರುದಿನ ಕೆಂಪಕ್ಕನ ಮಾತನ್ನು ಹಾಗೆಯೇ ಒಪ್ಪಿಸಿದೆ. ನಾಗಲಿಂಗಯ್ಯನವರು ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಖಾಲಿ ಇರೋದನ್ನ ಮುಟ್ಟಬೇಡಿ. ನಂಬರಿದ್ದು ಎರಡೆರಡು ಸಲ ಬಂದಿರೋದಕ್ಕೆ ಮಾತ್ರ ಹಾಕಿ" ಎಂದು ತಾವೇ ಸಹಿ ಮಾಡಿದರು. ಶುಕ್ರವಾರ ಪಟ್ಟಿ ಮಂಜೂರಾಗಿ ಬಂತು. ಅದರಲ್ಲಿ ಹಟ್ಟಿಯವರೆಲ್ಲ ಇದ್ದಾರೆ, ಕೆಂಪಕ್ಕನೂ.

ಅತ್ತೆ, ಮಗು ನಿಮ್ಮ ಮಡಿಲಲ್ಲಿ ಇರದಿದ್ದರೆ ನಾನು ಆ ಬಸ್ಸು ಹತ್ತುತ್ತಲೇ ಇರಲಿಲ್ಲ. ಹೇಳಿದ ಕಡೆ ಕೆಂಪು ಎಳೆದು ಮನೆಗೆ ಓಡಿಬಿಡುತ್ತಿದ್ದೆ. ನಿಮ್ಮ ಉಪಕಾರ ನನ್ನೊಬ್ಬಳಿಗೇ ಆದದ್ದಲ್ಲ.

ಊರಲ್ಲಿ ಕೇಳಿದವರಿಗೆಲ್ಲ ನಮಸ್ಕಾರ ತಿಳಿಸಿ. ನಿಮ್ಮ ಪಾದಕ್ಕೆ ಇಲ್ಲಿಂದಲೇ ಹಣೆಯಿಟ್ಟು ನಮಸ್ಕರಿಸುವ,

ನಿಮ್ಮ ಸೊಸೆ
ಜಗದಾಂಬ

ಮರೆತಿದ್ದೆ: ಮಗು ನಿಮ್ಮನ್ನೇ ಅವ್ವ ಎನ್ನುತ್ತಾಳೆ, ಎಷ್ಟು ತಿದ್ದಿದರೂ ಬಿಡುತ್ತಿಲ್ಲ ಎಂದು ಹೆದರಿ ಬರೆದಿದ್ದಿರಿ. ಓದಿ ಅತ್ತದ್ದು ನಿಜ. ಆದರೂ ತಿದ್ದಬೇಡಿ, ಕರೆಯಲಿ. ಭಾನುವಾರ ಬರುತ್ತೇನೆ. ನನ್ನನ್ನೂ ಹಾಗೇ ಕರೆಯುವುದನ್ನು ನೀವೇ ಕಲಿಸಿಕೊಡಿ.