ನೆಲಮಾಳಿಗೆಯ ಬಾಗಿಲು

ಪ್ರೀತಿಯ ತಂಗಿಗೆ,

ನನ್ನ ಹಣೆಯೊಂದನ್ನು ಬಿಟ್ಟರೆ ಇಲ್ಲಿ ನಾವಿಬ್ಬರೂ ಆರಾಮ.

ವೈನಿಗೆ ಹೆಸರಾದ ಈ ಕಣಿವೆಯ ತುಂಬ ದ್ರಾಕ್ಷಿ ತೋಟ. ನಿನ್ನೆ ಇಲ್ಲಿಯ ಅತಿ ಹಳೆಯ ನೆಲಮಾಳಿಗೆ ನೋಡಲು ಹೋಗಿದ್ದೆವು. ಪೀಪಾಯಿಗಳಲ್ಲಿನ ವೈನಿಗೆ ಬೆಳಕು ಆಗುವುದಿಲ್ಲವೆಂದು ಎಲ್ಲರೂ ಇಳಿದ ಮೇಲೆಯೇ ದೀಪ ಹಾಕುತ್ತಾರೆ. ಕೊನೆಯ ಮೆಟ್ಟಿಲಿನ ಬಳಿ ಬಾಗಿಲ ಮೇಲಿನ ಕಲ್ಲು ತೀರಾ ತಗ್ಗು. ಹಿಂದೆ ಬರುತ್ತಿದ್ದ ಗೈಡ್ "ತಲೆ ಜೋಪಾನ" ಅನ್ನುವಷ್ಟರಲ್ಲಿ ನಾನು ಹಣೆ ಚಚ್ಚಿಸಿಕೊಂಡಿದ್ದೆ. ನನ್ನ ಮುಂದಿದ್ದ ನಿನ್ನ ಭಾವ, ಅಷ್ಟೆತ್ತರದ ಮನುಷ್ಯ, ಆ ಕತ್ತಲಲ್ಲೂ ತಲೆ ಬಗ್ಗಿಸಿ ಸಲೀಸಾಗಿ ದಾಟಿದ್ದರು.

ಗೈಡ್ ನಕ್ಕ. "ಮೊದಲನೇ ಸಲ ಬಂದವರನ್ನ ಈ ಕಲ್ಲು ಬಿಡಲ್ಲ. ಸಾರ್ ಮುಂಚೆ ಬಂದಿದ್ರಾ?"

"ಇಲ್ಲಪ್ಪ, ಇದೇ ಮೊದಲು" ಎಂದು ನಿನ್ನ ಭಾವ ಪೀಪಾಯಿ ನೋಡುತ್ತ ನಿಂತರು.

ಕೋಣೆಗೆ ಬಂದು ಕನ್ನಡಿ ನೋಡಿಕೊಂಡೆ. ಹುಬ್ಬಿನ ಮೇಲೆ ಉದ್ದಕ್ಕೊಂದು ಅಡ್ಡಗಾಯ. ಹೋದ ವರ್ಷ ನೀನು ತರಬೇತಿ ಮುಗಿಸಿ ಬಂದಾಗ ನಿನ್ನ ಹಣೆಯಲ್ಲೂ ಇದೇ ಜಾಗದಲ್ಲಿ ಇಂಥದೇ ಗಾಯವಿತ್ತು. ನಿನ್ನ ಅಡುಗೆಮನೆ ಕಪಾಟಿನ ಬಾಗಿಲು ಬಡಿಯಿತು ಅಂದಿದ್ದೆ ನೀನು. ಮುಲಾಮು ಹಚ್ಚಿದವಳು ನಾನೇ. ನೀನು ತರಬೇತಿಗೆ ಹೋಗಿದ್ದ ಆ ವಾರ ನಿನ್ನ ಭಾವನೂ ಆಫೀಸಿನ ಕೆಲಸವೆಂದು ಊರಲ್ಲಿರಲಿಲ್ಲ.

ನಿನ್ನ ಅಡುಗೆಮನೆಯನ್ನು ಕಣ್ಣ ಮುಂದೆ ತಂದುಕೊಳ್ಳುತ್ತಲೇ ಇದ್ದೇನೆ. ಅಲ್ಲಿಯ ಕಪಾಟಿಗೆ ಬಾಗಿಲಿಲ್ಲ, ಪರದೆ ಇದೆ.

ನಮ್ಮ ಗಿಡಗಳಿಗೆ ನೀನು ನೀರು ಹಾಕಿದ್ದು ಸಾಕು. ಮನೆಯ ಬೀಗದ ಕೈಯನ್ನು ಪಕ್ಕದ ಮನೆ ಅಜ್ಜಿಗೆ ಕೊಟ್ಟುಬಿಡು. ನಿನ್ನ ಭಾವನ ಹತ್ತಿರ ಇರುವುದನ್ನು ನಾನೇ ಇಸಿದುಕೊಳ್ಳುತ್ತೇನೆ.

ನಿನ್ನ ಅಕ್ಕ