ಅದು ತಳವಲ್ಲ, ತಮ್ಮಾ

ಆಸ್ಪತ್ರೆಯ ನೆಲಮಾಳಿಗೆ,
ಜೂನ್ ೧೨, ಮಂಗಳವಾರ

ಪ್ರೀತಿಯ ತಮ್ಮಾ,

ಹಲ್ಲುನೋವು ಹೇಗಿದೆ? ಕೀಳಿಸಿಕೊಂಡೆಯೋ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ಕಾಲ ತಳ್ಳುತ್ತಿದ್ದೀಯೋ? ಹೊಸ ಕೆಲಸ ಒಗ್ಗಿತೇ? ನಾನು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ನೀನು ನಮ್ಮ ವಿಭಾಗಕ್ಕೆ ಬರೆದುಕೊಟ್ಟು ಹೋದ ಪ್ರೋಗ್ರಾಮನ್ನು ನಿನ್ನೆ ಬಿಚ್ಚಿ ನೋಡಿದೆ. ಕ್ಯಾನ್ಸರ್ ರೋಗಿಗೆ ಯಾವ ಕಡೆಯಿಂದ ಎಷ್ಟು ವಿಕಿರಣ ಬಿಡಬೇಕೆಂಬ ಲೆಕ್ಕ. ಗಡ್ಡೆಗೆ ಪೂರ್ತಿ ತಾಗಬೇಕು, ಅಕ್ಕಪಕ್ಕಕ್ಕೆ ಆದಷ್ಟು ಕಡಿಮೆ. ಬೆಲೆ ಕಂಡುಹಿಡಿಯಬೇಕಾದ ಅಜ್ಞಾತಗಳೇ ಎರಡು ಲಕ್ಷ. ಕತ್ತಲಲ್ಲಿ ಕಾಲಿನಿಂದ ತಡವುತ್ತ ಕಣಿವೆಯ ತಳ ಹುಡುಕುವ ಕೆಲಸವಿದು, ತಳವೆಂದರೆ ಅತಿ ಕಡಿಮೆ ಹಾನಿಯ ಲೆಕ್ಕ ಎಂದು ನನಗೆ ಕಲಿಸಿದವನೇ ನೀನು. ಇಳಿಜಾರು ನೋಡಿದರೆ ಸಾಲದು, ನೆಲ ಹೇಗೆ ಬಾಗಿದೆ ಎಂದೂ ನೋಡಬೇಕು, ಅದೇ ನ್ಯೂಟನ್ ವಿಧಾನ ಎಂದೆ. ಇಷ್ಟು ದೊಡ್ಡ ಲೆಕ್ಕದಲ್ಲಿ ಪ್ರತಿ ಹೆಜ್ಜೆಯ ಸಮೀಕರಣವನ್ನೂ ಕೊನೆತನಕ ಬಿಡಿಸುತ್ತ ಕೂತರೆ ಮುಗಿಯುವುದಿಲ್ಲ, ಸಾಕಷ್ಟಾದಾಗ ಮೊಟಕುಗೊಳಿಸಬೇಕು ಎಂದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಿಡಿಸುವಾಗ ಯಾವುದಾದರೂ ದಿಕ್ಕಿಗೆ ನೆಲ ಕೆಳಕ್ಕೆ ಬಾಗಿದ್ದು ಕಂಡರೆ ಅದು ತಳವಲ್ಲ, ಕುದುರೆಯ ಜೀನಿನ ನಡುಭಾಗದಂಥ ಜಾಗ, ಆ ದಿಕ್ಕು ಹಿಡಿದು ಇನ್ನೂ ಇಳಿಯಬೇಕು ಎಂದು ಗಿಣಿಗೆ ಹೇಳಿದ ಹಾಗೆ ಹೇಳಿದವನು, ಆ ತಪಾಸಣೆಯನ್ನೇ ತೆಗೆದುಹಾಕಿದ್ದೀಯ. ಪಕ್ಕದಲ್ಲಿ ಟಿಪ್ಪಣಿ ಬೇರೆ: ‘ಪ್ರದರ್ಶನ ಬೇಗ ಮುಗಿಯಲೆಂದು ತೆಗೆದಿದೆ, ಆಮೇಲೆ ಹಾಕುವುದು.’ ಪ್ರೋಗ್ರಾಮನ್ನು ಎಲ್ಲರೆದುರು ಓಡಿಸಿ ತೋರಿಸುವ ಆ ಪ್ರದರ್ಶನ ಮುಗಿಯಿತು, ಚಪ್ಪಾಳೆ ಗಿಟ್ಟಿಸಿದೆ, ಕೈ ತೊಳೆದುಕೊಂಡು ಹೊರಟೆ. ಇಲ್ಲಿ ನೆಲ ಸಮತಟ್ಟು ಸಿಕ್ಕಿದ ಕೂಡಲೇ ಪರದೆಯ ಮೇಲೆ ‘ತಳ ಸಿಕ್ಕಿದೆ’ ಎಂದು ಬರುತ್ತಲೇ ಇದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ನಿನ್ನನ್ನು ನೋಡಿಯೇ ಹೇಳುತ್ತಿದ್ದಳೇನೋ.

ನಿನ್ನೆಯೇ ಯಾಕೆ ಬಿಚ್ಚಿದೆ ಎಂದರೆ, ಗಂಟಲಿನ ಗಡ್ಡೆಗೆ ಚಿಕಿತ್ಸೆ ಮುಗಿಸಿಕೊಂಡಿದ್ದ ಬಸ್ ಚಾಲಕರೊಬ್ಬರು ಕಳೆದ ವಾರ ಬಂದಿದ್ದರು. “ಮೇಡಂ, ಬಾಯಲ್ಲಿ ಜೊಲ್ಲೇ ಇಲ್ಲ. ನೀರು ಕುಡೀದೆ ಒಂದು ತುತ್ತೂ ಇಳಿಯಲ್ಲ” ಎಂದರು. ಎಲ್ಲರಿಗೂ ಹೀಗಾಗುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದೆ. ಮನಸ್ಸು ತಡೆಯಲಿಲ್ಲ. ತಪಾಸಣೆಯನ್ನು ಮತ್ತೆ ಹಾಕಿ ಅವರ ಲೆಕ್ಕವನ್ನು ಇನ್ನೊಮ್ಮೆ ಓಡಿಸಿದೆ. ನಲವತ್ತು ನಿಮಿಷ ಹೆಚ್ಚು ಹಿಡಿಯಿತು. ಗಡ್ಡೆಗೆ ಅಷ್ಟೇ ವಿಕಿರಣ, ಜೊಲ್ಲಿನ ಗ್ರಂಥಿಗಳಿಗೆ ಅರ್ಧಕ್ಕರ್ಧ ಕಡಿಮೆ. ನಾನು ಕುರ್ಚಿಯಲ್ಲೇ ಕೂತು ಅತ್ತೆ. ಆಮೇಲೆ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಪಕ್ಕದ ಮೇಜಿನವರು ಎದ್ದು ಹೊರಗೆ ಹೋದರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಇಷ್ಟು ಬೈದ ಮೇಲೂ ನಿನಗೆ ಒಳ್ಳೆಯದೇ ಆಗಲಿ ಎನ್ನುವ,

ನಿನ್ನ ಅಕ್ಕ

ತಾ.ಕ.: ಚಾಲಕರೊಬ್ಬರೇ ಅಲ್ಲ. ನೀನು ಹೋದ ಮೇಲೆ ಅವರೂ ಸೇರಿ ಹನ್ನೊಂದು ಜನರ ಲೆಕ್ಕ ಹೀಗೇ ಹೋಗಿದೆ. ‘ಪರಿಶೀಲಿಸಿದ್ದೇನೆ’ ಎಂಬಲ್ಲಿ ಹನ್ನೊಂದಕ್ಕೂ ನನ್ನದೇ ಸಹಿ. ಇಂದು ಬೆಳಿಗ್ಗೆ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಟ್ಟೆ, ನಿನ್ನ ಹೆಸರನ್ನೂ ಸೇರಿಸಿ. ಬರುವ ಸೋಮವಾರ ಹತ್ತು ಗಂಟೆಗೆ ಆ ಹನ್ನೊಂದು ಮನೆಯವರನ್ನು ಕರೆಸಿದ್ದಾರೆ. ನಾನು ಅವರೆದುರು ಕೂರುತ್ತೇನೆ. ನನ್ನ ಪಕ್ಕದ ಕುರ್ಚಿ ನಿನ್ನದು. ಬರದಿದ್ದರೆ ಅದು ಖಾಲಿ ಯಾಕಿದೆ ಎಂದು ಅವರಿಗೆ ನಾನೇ ಹೇಳುತ್ತೇನೆ.