ಸಿಳ್ಳೆ ಬರುವ ಸಂದಿ

ರಾಯದುರ್ಗದ ಹಲ್ಲಿನ ಡಾಕ್ಟರ್ ಲಲಿತಾ ಅವರಿಗೆ, ಗುಮ್ಮಘಟ್ಟದ ಕುರಿಗಾರ ಜುಂಜಣ್ಣನವರ ಹೆಂಡತಿ ಮೈಲಾರಮ್ಮನ ನಮಸ್ಕಾರ.

ಟಗರು ಗುದ್ದಿ ಮುರಿದಿದ್ದ ಯಜಮಾನರ ಮುಂದಿನ ಹಲ್ಲನ್ನು ನೀವು ಸತು ಬೆರೆತ ಅಂಟಿನಿಂದ ಕೂಡಿಸಿದ್ದಿರಿ. “ಅಂಟು ಹಿಡಿದರ ಸಾಲದ್ರಿ, ಅದರ ಕೆಳಗಿನ ಹಲ್ಲು ಕೆಡಬಾರ್ದು. ಅದನ್ನ ಸತು ಕಾಯ್ತೈತಿ” ಎಂದಿದ್ದಿರಿ. ಪಕ್ಕದ ಸಂದಿಯನ್ನೂ ಮುಚ್ಚಲು ಹೋದಾಗ ಅವರು, “ಬ್ಯಾಡ್ರಿ ಮೇಡಂ, ನನ್ನ ಸಿಳ್ಳೆ ಅಲ್ಲಿಂದನ ಬರ್ತೈತಿ” ಎಂದು ತಡೆದಿದ್ದರು.

ಹಲ್ಲು ಕೊನೆಯವರೆಗೂ ಗಟ್ಟಿಯಾಗಿತ್ತು. ಹೋದ ಅಮಾವಾಸ್ಯೆಯಂದು ಎದೆನೋವು ಬಂದು ಅವರು ತೀರಿಕೊಂಡರು.

ತಪಾಸಣೆಗೆ ಅವರನ್ನು ಕರೆದಿದ್ದ ಸೋಮವಾರ ನಾನು ಬರುತ್ತೇನೆ. ನನ್ನ ಮುಂದಿನ ಹಲ್ಲೂ ಮುರಿದಿದೆ, ಇಷ್ಟು ದಿನ ತೋರಿಸಿರಲಿಲ್ಲ. ಅದೇ ಅಂಟು ಹಾಕಿ, ಸಂದಿಯನ್ನು ಅವರದ್ದರಷ್ಟೇ ಬಿಡಿ. ಸಂಜೆ ಆ ಸಿಳ್ಳೆ ಕೇಳದೆ ಕುರಿಗಳು ಹಟ್ಟಿಗೆ ತಿರುಗುವುದಿಲ್ಲ. ನಾನು ಒಲೆ ಹಚ್ಚುತ್ತಿದ್ದುದೂ ಅದನ್ನು ಕೇಳಿಯೇ.

ಇಂತಿ,
ಮೈಲಾರಮ್ಮ